ಎಣಿಕೆಗೆ ಸಿಗದವರಿಗೆ ಆಡಳಿತ ಯೋಜಿಸುವುದು ಹೇಗೆ?

ದೇಶದ ಜನರನ್ನು ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸಕೂಡದು ಎಂದು ಆಸ್ಟ್ರೇಲಿಯಾದ ಸಂವಿಧಾನದ 127ನೇ ವಿಧಿ ಹೇಳುತ್ತಿತ್ತು. 1967ರ ಜನಮತಗಣನೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮತ ಬದಲಾವಣೆಯ ಪರವಾಗಿ ಬಿದ್ದು, ಆ ವಿಧಿ ರದ್ದಾಯಿತು. ಲೆಕ್ಕ ಮಾತ್ರ ಇಂದಿಗೂ ಸರಿಹೋಗಿಲ್ಲ. 2021ರ ಜನಗಣತಿಯಲ್ಲಿ ಮೂಲನಿವಾಸಿಗಳೆಂದು ದಾಖಲಾದವರು 8,12,728 ಮಂದಿ. ಗಣತಿಯ ಬಳಿಕ ಮರುಸಮೀಕ್ಷೆ ನಡೆಸಿದ ಅಂಕಿಅಂಶ ಸಂಸ್ಥೆ ತಾನೇ ಕೊಟ್ಟ ಅಂದಾಜು ಸುಮಾರು 9,84,000!

ಉತ್ತರ ಪ್ರಾಂತ್ಯದ ವಾಡೆಯೆ ಎಂಬ ಊರಿನಲ್ಲಿ ಈ ಕೊರತೆಯ ಕಾರಣ ಕಣ್ಣಿಗೆ ಕಾಣುತ್ತದೆ. ಗಣತಿಯ ನಮೂನೆ ಮನೆಗೊಂದು. ಅಲ್ಲಿ ಈ ಶತಮಾನದ ಆರಂಭದಲ್ಲಿ ಒಂದೊಂದು ಮನೆಯಲ್ಲಿ ಸರಾಸರಿ ಹದಿನೈದಕ್ಕೂ ಹೆಚ್ಚು ಜನರಿದ್ದರು. ಬಂಧುಗಳ ಮನೆಗೆ ಹೋಗಿ ವಾರಗಟ್ಟಲೆ ಉಳಿಯುವುದು ಅಲ್ಲಿ ಸಾಮಾನ್ಯ. ಹಾಗಿರುವಾಗ 'ಇಲ್ಲಿ ವಾಸಿಸುವವರು ಯಾರು' ಎಂದರೆ ಏನು ಬರೆಸಬೇಕು?

2003ರಲ್ಲಿ ಅಲ್ಲಿನ ಕುಲಗಳ ಪ್ರತಿನಿಧಿಗಳು ಸೇರಿ ತಮರೂರ್ ಪ್ರಾದೇಶಿಕ ಮಂಡಳಿ ಕಟ್ಟಿದರು. ಊರವರ ನೆರವಿನಿಂದಲೇ ಜನಸಂಖ್ಯೆಯ ಹೊಸ ಲೆಕ್ಕವೂ ಸಿದ್ಧವಾಯಿತು. ಯಾರ ಮಗು ಯಾರ ಬಳಿ ಬೆಳೆಯುತ್ತಿದೆ ಎಂಬುದು ಊರವರಿಗೆ ಗೊತ್ತಿರುವಷ್ಟು ಹೊರಗಿನ ಗಣತಿದಾರನಿಗೆ ಗೊತ್ತಿರಲು ಸಾಧ್ಯವಿಲ್ಲ. ನನ್ನ ದೃಷ್ಟಿಯಲ್ಲಿ ಮಂಡಳಿಯ ಕೈಗೆ ಸಿಕ್ಕ ನಿಜವಾದ ಬಲ ಅದೇ.

ಜನಸಂಖ್ಯಾಶಾಸ್ತ್ರಜ್ಞರು ಒಟ್ಟು ಸಂಖ್ಯೆಗಿಂತ ವಯಸ್ಸಿನ ಹಂಚಿಕೆಗೆ ಹೆಚ್ಚು ಬೆಲೆ ಕೊಡುತ್ತಾರೆ. ಪ್ರತಿ ವಯೋಗುಂಪನ್ನು ಐದು ವರ್ಷ ಮುಂದಕ್ಕೆ ಸರಿಸಿ, ಸಾವುಗಳನ್ನು ಕಳೆದು, ಜನನಗಳನ್ನು ಕೂಡಿಸಿ, ವಲಸೆಯನ್ನು ಹೊಂದಿಸಿದರೆ ಮುಂದಿನ ಚಿತ್ರ ಮೂಡುತ್ತದೆ. ವಾಡೆಯೆಯ ಜನರಲ್ಲಿ ಬಹುಪಾಲು ಮಕ್ಕಳು, ಯುವಕರು. ಇಂದು ಐದರ ಹರೆಯದ ಮಗುವಿಗೆ ಇನ್ನು ಹದಿನೈದು ವರ್ಷಕ್ಕೆ ಮನೆ ಬೇಕು, ಕೆಲಸ ಬೇಕು.

ಸರ್ಕಾರ ಮಾತ್ರ ಶಾಲೆಯ ಶಿಕ್ಷಕರ ಸಂಖ್ಯೆಯನ್ನು ಹಿಂದಿನ ಹಾಜರಾತಿ ನೋಡಿ ನಿಗದಿಪಡಿಸುತ್ತಿತ್ತು, ಊರಿನಲ್ಲಿರುವ ಮಕ್ಕಳನ್ನು ಲೆಕ್ಕಿಸಿ ಅಲ್ಲ. 2004ರಲ್ಲಿ ಹಿರಿಯರು ಮನವೊಲಿಸಿ ಮಕ್ಕಳನ್ನು ಶಾಲೆಗೆ ಕಳುಹಿಸಿದರು. ನೂರಾರು ಮಕ್ಕಳು ಬಂದರು; ಕೂರಲು ಜಾಗ ಸಾಲಲಿಲ್ಲ, ಕಲಿಸುವವರೂ ಸಾಲಲಿಲ್ಲ. ಕೆಲವೇ ವಾರಗಳಲ್ಲಿ ಬಹಳಷ್ಟು ಮಕ್ಕಳು ಹಿಂದಿರುಗಿದರು. ಹಾಜರಾತಿ ಕುಸಿಯಿತು, ಮುಂದಿನ ಅನುದಾನಕ್ಕೆ ಅದೇ ಆಧಾರ. ಮಕ್ಕಳಿಗೆ ಓದಿನ ಆಸಕ್ತಿಯಿಲ್ಲ ಎಂದು ದೂರುವವರು ಮೊದಲು ಈ ಸೂತ್ರವನ್ನು ನೋಡಬೇಕು.

2008ರ ಸುಧಾರಣೆಯಲ್ಲಿ ತಮರೂರ್ ಮಂಡಳಿಯನ್ನು ದೊಡ್ಡ ಆಡಳಿತ ಘಟಕವೊಂದಕ್ಕೆ ಸೇರಿಸಲಾಯಿತು. 2014ರಲ್ಲಿ ಅದನ್ನು ಒಡೆದು, ವಾಡೆಯೆಯನ್ನೇ ಕೇಂದ್ರವಾಗಿಸಿ ವೆಸ್ಟ್ ಡೇಲಿ ಮಂಡಳಿ ರಚಿಸಿದರು.