ಕಾಲೇಜು ಪಕ್ಕದ ಮನೆಗೆ ಒಪ್ಪಿಗೆ ಬೇಗ ಸಿಕ್ಕರೆ, ವಿದ್ಯಾರ್ಥಿಗೆ ಮನೆ ಸಿಗುತ್ತಾ?

ಓದುಗರ ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಕಾಲೇಜು ಕ್ಯಾಂಪಸ್‌ಗಳ ಹತ್ತಿರ ಕಡಿಮೆ ಬಾಡಿಗೆಯ ಮನೆ ಕಟ್ಟುವವರಿಗೆ ಬೇಗ ಒಪ್ಪಿಗೆ ಕೊಡಬೇಕು ಅಂತ ಕಾನೂನು ಬಂದಿದೆಯಂತೆ. ಹಾಗಾದರೆ ಇನ್ನು ಮುಂದೆ ಅಲ್ಲಿ ಓದುವವರಿಗೆ ಕೈಗೆಟುಕುವ ಬಾಡಿಗೆಗೆ ಮನೆ ಸಿಗುತ್ತಾ?

ಒಪ್ಪಿಗೆ ಬೇಗ ಸಿಗುತ್ತದೆ, ಅದು ನಿಜ. ಮನೆ ಸಿಗುತ್ತಾ ಅನ್ನುವುದು ಬೇರೆ ಪ್ರಶ್ನೆ. ಈ ಎರಡನ್ನೂ ಒಂದೇ ಅಂದುಕೊಂಡು ಸುಮ್ನೆ ಖುಷಿಪಟ್ಟು, ಆಮೇಲೆ ಬೇಜಾರಾಗುವವರೇ ಜಾಸ್ತಿ. ಅದಕ್ಕೇ ಮೊದಲು ಒಪ್ಪಿಗೆಯ ಕಥೆ ಹೇಳುತ್ತೇನೆ. ಬಾಗಿಲು ಯಾರಿಗೆ ತೆರೆಯುತ್ತದೆ ಅನ್ನುವುದು ಆಮೇಲೆ.

ಕ್ಯಾಲಿಫೋರ್ನಿಯಾದ ಒಂದು ಊರಲ್ಲಿ ನಾಲ್ಕೈದು ಮಹಡಿಯ ಕಟ್ಟಡ ಕಟ್ಟಬೇಕು ಅಂದುಕೊಳ್ಳಿ. ಬಿಲ್ಡರ್ ಪ್ಲಾನ್ ತರುತ್ತಾನೆ. ಸಿಟಿಯ ಅಧಿಕಾರಿಗಳು ನೋಡುತ್ತಾರೆ. ಪ್ಲಾನಿಂಗ್ ಕಮಿಷನ್ ಮುಂದೆ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಅಕ್ಕಪಕ್ಕದವರು ಬಂದು ಮೈಕ್ ಹಿಡಿದು ಮಾತಾಡುತ್ತಾರೆ. ಕಮಿಷನ್ ಒಪ್ಪಿದರೆ ಯಾರೋ ಸಿಟಿ ಕೌನ್ಸಿಲ್‌ಗೆ ಮೇಲ್ಮನವಿ ಹಾಕುತ್ತಾರೆ. ಮತ್ತೆ ವಿಚಾರಣೆ. ಅದೂ ಮುಗಿದರೆ ಕೋರ್ಟು. ಪ್ರತಿ ಮೆಟ್ಟಿಲಲ್ಲೂ ಯಾರಾದರೂ ಒಬ್ಬರು ‘ಬೇಡ’ ಅನ್ನಬಹುದು.

ಕೋರ್ಟಿಗೆ ಹೋಗುವವರು ಬಹುಕಾಲ ಹಿಡಿದುಕೊಂಡು ಹೋಗುತ್ತಿದ್ದ ಕಾನೂನು ಸಾಮಾನ್ಯವಾಗಿ ಒಂದೇ. ರಾಜ್ಯದ ಪರಿಸರ ಗುಣಮಟ್ಟ ಕಾಯ್ದೆ. ಅಲ್ಲಿಯವರು ಅದನ್ನು ‘ಸೀಕ್ವಾ’ ಅನ್ನುತ್ತಾರೆ. 1970ರಲ್ಲಿ ಬಂತು. ಸಹಿ ಹಾಕಿದ್ದು ಆಗ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್. ಉದ್ದೇಶ ಒಳ್ಳೆಯದೇ: ಸರ್ಕಾರ ಒಂದು ಕೆಲಸಕ್ಕೆ ಕೈಹಾಕುವ ಮುಂಚೆ ಗಾಳಿ, ನೀರು, ನೆಲಕ್ಕೆ ಏನಾಗುತ್ತದೆ ಅಂತ ತಿಳಿದು, ಜನರಿಗೆ ಹೇಳಿ, ಹಾನಿ ಕಡಿಮೆ ಮಾಡಬೇಕು. 1972ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಹಿಗ್ಗಿಸಿತು. ಮ್ಯಾಮತ್ ಬೆಟ್ಟದ ಕಡೆಯ ಒಂದು ಕೇಸಿನಲ್ಲಿ, ಖಾಸಗಿ ಕಟ್ಟಡವಾದರೂ ಸರ್ಕಾರದ ಒಪ್ಪಿಗೆ ಬೇಕಿದ್ದರೆ ಅದಕ್ಕೂ ಈ ಕಾಯ್ದೆ ಅನ್ವಯ ಅಂತ ತೀರ್ಪು ಕೊಟ್ಟಿತು. ಅಲ್ಲಿಂದ ಅಪಾರ್ಟ್‌ಮೆಂಟ್‌ಗಳೂ ಇದರ ಬಲೆಗೆ ಬಿದ್ದವು. ಕೇಸು ಹಾಕಿದವರು ಗೆಲ್ಲಲೇಬೇಕು ಅಂತೇನಿಲ್ಲ. ಎರಡು ವರ್ಷ ಎಳೆದರೂ ಸಾಕು, ಕಟ್ಟುವವರ ಸಾಲ, ಬಡ್ಡಿ, ಗುತ್ತಿಗೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಇದು ಎಲ್ಲಿಯವರೆಗೆ ಹೋಯಿತು ಅನ್ನುವುದಕ್ಕೆ ಬರ್ಕ್ಲಿಯನ್ನು ನೋಡಬೇಕು.

ಅಲ್ಲಿನ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿಸಿತು, ಮನೆ ಮಾತ್ರ ಅಷ್ಟು ಕಟ್ಟಲಿಲ್ಲ ಅಂತ ಊರಿನ ಕೆಲವರು ಸೀಕ್ವಾ ಅಡಿ ಕೇಸು ಹಾಕಿದರು. 2021ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು ವಿದ್ಯಾರ್ಥಿಗಳ ಸಂಖ್ಯೆಯನ್ನು 2020–21ರ ಮಟ್ಟಕ್ಕೆ, ಅಂದರೆ 42,347ಕ್ಕೆ, ನಿಲ್ಲಿಸಿ ಅಂದರು. 2022ರ ಮಾರ್ಚ್ 3ರಂದು ರಾಜ್ಯದ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಡಲು ಒಪ್ಪಲಿಲ್ಲ. ಸಾವಿರಾರು ಮಕ್ಕಳ ಸೀಟು ತೂಗುಯ್ಯಾಲೆಯಲ್ಲಿ. ಅಂದರೆ ‘ವಿದ್ಯಾರ್ಥಿ’ ಅನ್ನುವ ಪ್ರಾಣಿಯೇ ಪರಿಸರಕ್ಕೆ ಆಗುವ ಹಾನಿ ಅಂತ ಲೆಕ್ಕಕ್ಕೆ ಬಂದ ಹಾಗಾಯಿತು! ಹನ್ನೊಂದೇ ದಿನದಲ್ಲಿ, ಮಾರ್ಚ್ 14ಕ್ಕೆ, ಶಾಸಕಾಂಗ ಕಾನೂನು ತಿದ್ದಿ ಗವರ್ನರ್ ಸಹಿಯೂ ಬಿತ್ತು. ಎರಡೂ ಸದನಗಳಲ್ಲಿ ಒಂದು ವಿರೋಧದ ವೋಟೂ ಇರಲಿಲ್ಲ. ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತದೆ ನೋಡಿ.

ಅಷ್ಟರಲ್ಲಿ ಅದೇ ಊರಲ್ಲಿ ಇನ್ನೊಂದು ಜಗಳ ನಡೀತಿತ್ತು. ಪೀಪಲ್ಸ್ ಪಾರ್ಕ್ ಅಂತ ಮೂರು ಎಕರೆಗೂ ಚಿಕ್ಕ ಜಾಗ. 1969ರ ಪ್ರತಿಭಟನೆಗಳ ಕಾಲದಿಂದ ಹೆಸರಾದದ್ದು. ಅಲ್ಲಿ ಸುಮಾರು 1,100 ವಿದ್ಯಾರ್ಥಿಗಳಿಗೆ ವಸತಿ, ಜೊತೆಗೆ ಬೀದಿಯಲ್ಲಿ ಬದುಕಿದ್ದವರಿಗೂ ಮನೆ ಕಟ್ಟಬೇಕು ಅಂತ ವಿಶ್ವವಿದ್ಯಾಲಯ ಹೊರಟಿತ್ತು. 2023ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ, ವಿದ್ಯಾರ್ಥಿಗಳು ಪಾರ್ಟಿ ಮಾಡಿದರೆ ಆಗುವ ಗಲಾಟೆಯನ್ನೂ ಪರಿಸರ ವರದಿಯಲ್ಲಿ ಪರಿಶೀಲಿಸಬೇಕಿತ್ತು ಅಂದಿತು. ಹೊಗೆ, ಕೊಳಚೆ ನೀರಿನ ಸಾಲಿಗೆ ಹುಡುಗರ ಹಾಡು ಕುಣಿತವೂ ಸೇರಿತು. ಅದೇ ಸೆಪ್ಟೆಂಬರ್‌ನಲ್ಲಿ ಎಬಿ 1307 ಅನ್ನುವ ಕಾನೂನು ಬಂತು (‘ಎಬಿ’ ಅಂದರೆ ರಾಜ್ಯದ ಕೆಳಮನೆಯಲ್ಲಿ, ‘ಎಸ್‌ಬಿ’ ಅಂದರೆ ಸೆನೆಟ್‌ನಲ್ಲಿ ಹುಟ್ಟಿದ ಮಸೂದೆ): ವಸತಿ ಕಟ್ಟಡದಲ್ಲಿ ಇರುವವರು, ಅವರ ಅತಿಥಿಗಳು ಮಾಡುವ ಸದ್ದು ಸೀಕ್ವಾ ಲೆಕ್ಕದಲ್ಲಿ ಪರಿಸರದ ಹಾನಿಯಲ್ಲ. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ವಿಶ್ವವಿದ್ಯಾಲಯದ ಪರ ತೀರ್ಪು ಕೊಟ್ಟಿತು. ಆ ಪಾರ್ಕಿನ ಇತಿಹಾಸ ಉಳಿಯಬೇಕು ಅಂದವರ ನೋವು ಸುಳ್ಳಲ್ಲ. ಆದರೆ ಆ ನೋವನ್ನು ಹೇಳಿಕೊಳ್ಳಲು ‘ಗಲಾಟೆ’ ಅನ್ನುವ ನೆಪ ಹಿಡಿಯಬೇಕಾಯಿತು ಅಲ್ವಾ, ಅಲ್ಲೇ ವ್ಯವಸ್ಥೆಯ ತೊಂದರೆ ಕಾಣಿಸುತ್ತದೆ.

ಹೀಗೆ ಒಂದೊಂದು ಕೇಸಿಗೆ ಒಂದೊಂದು ತೇಪೆ ಹಾಕುವುದು ಎಷ್ಟು ದಿನ? ಅದಕ್ಕೇ ಬೇರೆ ದಾರಿ ಹುಡುಕಿದರು.

ಆ ದಾರಿ ಅರ್ಥವಾಗಬೇಕಾದರೆ ಎರಡು ಥರದ ಒಪ್ಪಿಗೆ ಗೊತ್ತಿರಬೇಕು. ಒಂದು, ಅಧಿಕಾರಿ ಅಥವಾ ಕೌನ್ಸಿಲ್ ತಮ್ಮ ವಿವೇಚನೆಯಿಂದ ಕೊಡುವುದು. ಕೊಡಬಹುದು, ಬಿಡಬಹುದು, ಶರತ್ತು ಹಾಕಬಹುದು. ಇನ್ನೊಂದನ್ನು ಅಲ್ಲಿ ‘ಮಿನಿಸ್ಟೀರಿಯಲ್’ ಅನ್ನುತ್ತಾರೆ. (ಮಂತ್ರಿಗಳಿಗೂ ಇದಕ್ಕೂ ಏನೂ ಸಂಬಂಧವಿಲ್ಲ.) ಇದರಲ್ಲಿ ನಿಯಮ ಮೊದಲೇ ಬರೆದಿರುತ್ತದೆ. ಪ್ಲಾನ್ ಅದಕ್ಕೆ ಹೊಂದುತ್ತಾ, ಇಲ್ವಾ? ಹೊಂದಿದರೆ ಒಪ್ಪಿಗೆ ಕೊಡಲೇಬೇಕು. ವಿದ್ಯಾರ್ಥಿಗಳ ಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ವೈವಾ. ಎದುರಿಗೆ ಕೂತವರ ಮೂಡ್ ಮೇಲೆ ಹೋಗುತ್ತದೆ. ಎರಡನೆಯದು ಸರಿ-ತಪ್ಪು ಗುರುತು ಹಾಕುವ ಪರೀಕ್ಷೆ. ಉತ್ತರ ಸರಿಯಿದ್ದರೆ ಅಂಕ ಕೊಡದೆ ದಾರಿಯಿಲ್ಲ.

ಮುಖ್ಯ ವಿಷಯ ಏನೆಂದರೆ, ಸೀಕ್ವಾ ಅನ್ವಯವಾಗುವುದು ವಿವೇಚನೆಯ ಒಪ್ಪಿಗೆಗೆ ಮಾತ್ರ. ಗುರುತು ಹಾಕುವ ಪರೀಕ್ಷೆಗೆ ಅದು ಬರುವುದಿಲ್ಲ. ಹಾಗಾಗಿ ಒಂದು ಯೋಜನೆಯನ್ನು ಎರಡನೇ ಸಾಲಿಗೆ ಸರಿಸಿಬಿಟ್ಟರೆ ವಿಚಾರಣೆ, ಪರಿಸರ ವರದಿ, ಅದರ ಮೇಲಿನ ಕೇಸು ಎಲ್ಲವೂ ಒಟ್ಟಿಗೆ ಕಳಚಿಕೊಳ್ಳುತ್ತವೆ. ‘ಒಪ್ಪಿಗೆ ಸರಳ ಮಾಡುವುದು’ ಅಂದರೆ ಅಸಲಿಗೆ ಇಷ್ಟೇ. ಅರ್ಜಿಯ ಪುಟ ಕಡಿಮೆ ಮಾಡುವುದೋ, ಆನ್‌ಲೈನ್ ಮಾಡುವುದೋ ಅಲ್ಲ. ‘ಬೇಡ’ ಅನ್ನುವ ಅಧಿಕಾರವನ್ನು ತೆಗೆಯುವುದು. ‘ಕಟ್ಟಡ ನಮ್ಮ ಬೀದಿಯ ಸ್ವಭಾವಕ್ಕೆ ಒಗ್ಗುವುದಿಲ್ಲ’ ಅನ್ನುವುದು ಇಲ್ಲಿ ನಡೆಯುವುದಿಲ್ಲ. ‘ಎತ್ತರ ಇಷ್ಟು ಅಡಿ ದಾಟಬಾರದು’ ಅನ್ನುವುದು ನಡೆಯುತ್ತದೆ, ಯಾಕೆಂದರೆ ಅದನ್ನು ಟೇಪ್ ಹಿಡಿದು ಅಳೆಯಬಹುದು.

ಈ ಸಾಲಿಗೆ ಯಾರು ಯಾವಾಗ ಸೇರಿದರು? 2017ರ ಎಸ್‌ಬಿ 35 ದೊಡ್ಡ ಹೆಜ್ಜೆ. ರಾಜ್ಯ ಕೊಟ್ಟ ಗುರಿಯಷ್ಟು ಮನೆ ಕಟ್ಟಿಸದ ಊರುಗಳಲ್ಲಿ, ಒಂದಷ್ಟು ಮನೆಗಳನ್ನು ಕಡಿಮೆ ಬಾಡಿಗೆಗೆ ಬಿಟ್ಟರೆ ನೇರ ಒಪ್ಪಿಗೆ. 150 ಮನೆಯವರೆಗೆ 90 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 180 ದಿನ. 2022ರ ಎಬಿ 2011 ಅದನ್ನು ಅಂಗಡಿ, ಕಚೇರಿ, ಪಾರ್ಕಿಂಗ್‌ಗೆ ಮೀಸಲಾದ ಜಾಗಗಳಿಗೆ ತಂದಿತು. 2023ರ ಎಸ್‌ಬಿ 4, ಧಾರ್ಮಿಕ ಸಂಸ್ಥೆಗಳು ಮತ್ತು ಲಾಭಕ್ಕಲ್ಲದ ಖಾಸಗಿ ಕಾಲೇಜುಗಳು ತಮ್ಮ ಸ್ವಂತ ಜಾಗದಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟಲು ದಾರಿ ಬಿಟ್ಟಿತು. ನೀವು ಕೇಳಿದ ಕಾನೂನು ಬಹುಶಃ 2025ರ ಎಬಿ 893. ಎಬಿ 2011ರ ದಾರಿಯನ್ನೇ ಅದು ಸರ್ಕಾರಿ ವಿಶ್ವವಿದ್ಯಾಲಯ, ಕಮ್ಯುನಿಟಿ ಕಾಲೇಜುಗಳ ಮುಖ್ಯ ಕ್ಯಾಂಪಸ್‌ನಿಂದ ಅರ್ಧ ಮೈಲಿಯ ಒಳಗಿನ ಜಾಗಗಳಿಗೆ ಚಾಚುತ್ತದೆ. ಅರ್ಧ ಮೈಲಿ ಅಂದರೆ ಸುಮಾರು 800 ಮೀಟರ್. ಕ್ಲಾಸಿಗೆ ತಡವಾದರೆ ಓಡಿ ತಲುಪಬಹುದಾದ ದೂರ.

ಎಲ್ಲ ಜಾಗಕ್ಕೂ ಇದು ಸಲ್ಲುವುದಿಲ್ಲ. ಈಗಾಗಲೇ ಬಾಡಿಗೆದಾರರು ಇರುವ ಮನೆ ಕೆಡವಿ ಕಟ್ಟುವ ಹಾಗಿಲ್ಲ. ಜೌಗು ಜಾಗದಲ್ಲಿ ಇಲ್ಲ. ಕೆಲಸಗಾರರಿಗೆ ಆ ಪ್ರದೇಶದಲ್ಲಿ ನಿಗದಿಯಾದ ಕೂಲಿ ಕೊಡಬೇಕು. ಈ ಕೂಲಿಯ ವಿಷಯದಲ್ಲಿ ಎಬಿ 2011 ಬರುವಾಗ ಕಾರ್ಮಿಕ ಸಂಘಗಳೇ ಎರಡಾದವು. ಬಡಗಿಗಳ ಸಂಘ ಬೆಂಬಲಿಸಿತು, ಉಳಿದ ಕಟ್ಟಡ ಕಸುಬುಗಳ ಒಕ್ಕೂಟ ಇನ್ನೂ ಬಿಗಿ ಶರತ್ತು ಬೇಕು ಅಂತ ವಿರೋಧಿಸಿತು.

ಶರತ್ತು ಜಾಸ್ತಿಯಾದರೂ ಕಷ್ಟವೇ. 2022ರ ಎಸ್‌ಬಿ 886 ಸರ್ಕಾರಿ ಕ್ಯಾಂಪಸ್‌ಗಳ ಹಾಸ್ಟೆಲ್‌ಗಳನ್ನು ಸೀಕ್ವಾದಿಂದ ಹೊರಗಿಟ್ಟಿತು. ಆದರೆ ಜೊತೆಗೆ ‘ಲೀಡ್ ಪ್ಲಾಟಿನಂ’ ಅನ್ನುವ, ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಅತಿ ಮೇಲಿನ ದರ್ಜೆ ಬೇಕು, ತರಬೇತಿ ಪಡೆದ ಕಾರ್ಮಿಕರೇ ಬೇಕು, 4,000 ಹಾಸಿಗೆ ದಾಟಬಾರದು ಅಂತೆಲ್ಲ ಸೇರಿಸಿತು. ಒಂದು ಕೈಯಲ್ಲಿ ಸಮಯ ಕೊಟ್ಟು ಇನ್ನೊಂದು ಕೈಯಲ್ಲಿ ದುಡ್ಡು ಕಿತ್ತುಕೊಂಡ ಹಾಗೆ.

ಬೇಗ ಕಟ್ಟಿದ್ದೆಲ್ಲ ಒಳ್ಳೆಯದೇ ಅಂತ ನಾನು ಹೇಳುತ್ತಿಲ್ಲ. ಸಾಂಟಾ ಬಾರ್ಬರಾದಲ್ಲಿ 2021ರಲ್ಲಿ ಮನೆಯ ಅಭಾವ ಎಷ್ಟಿತ್ತೆಂದರೆ ವಿದ್ಯಾರ್ಥಿಗಳನ್ನು ಹೋಟೆಲ್‌ಗಳಲ್ಲಿ ಇಟ್ಟಿದ್ದರು. ಅದೇ ಹೊತ್ತಿಗೆ ಹೂಡಿಕೆದಾರ ಚಾರ್ಲಿ ಮಂಗರ್ 20 ಕೋಟಿ ಡಾಲರ್ ಕೊಡುತ್ತೇನೆ, ಆದರೆ ನನ್ನ ವಿನ್ಯಾಸದಲ್ಲೇ ಕಟ್ಟಬೇಕು ಅಂದರು. ಸುಮಾರು 4,500 ಜನರ ಹಾಸ್ಟೆಲ್. ಮಲಗುವ ಕೋಣೆಗಳಲ್ಲಿ ಬಹುಪಾಲಿಗೆ ಕಿಟಕಿಯೇ ಇಲ್ಲ! ವಿಶ್ವವಿದ್ಯಾಲಯದ ವಿನ್ಯಾಸ ಸಮಿತಿಯಲ್ಲಿದ್ದ ವಾಸ್ತುಶಿಲ್ಪಿ ಡೆನ್ನಿಸ್ ಮೆಕ್‌ಫ್ಯಾಡನ್ ರಾಜೀನಾಮೆ ಕೊಟ್ಟು ಹೊರನಡೆದರು. ದೊಡ್ಡ ಗದ್ದಲವಾಗಿ 2023ರಲ್ಲಿ ಅದನ್ನು ಕೈಬಿಟ್ಟರು. ಅಲ್ಲಿ ಕೆಟ್ಟ ಪ್ಲಾನ್ ನಿಂತದ್ದು ಜನ ಕೂಗಾಡಿದ್ದರಿಂದ. ಕೂಗಾಡುವ ಜಾಗವನ್ನೇ ತೆಗೆದರೆ, ಕಿಟಕಿಯ ಮಾತು ನಿಯಮದ ಪುಸ್ತಕದಲ್ಲೇ ಇರಬೇಕಾಗುತ್ತದೆ. ಜಗಳ ಇಲ್ಲವಾಗುವುದಿಲ್ಲ, ಮುಂಚೆಯೇ, ನಿಯಮ ಬರೆಯುವ ಹೊತ್ತಿನಲ್ಲೇ ಆಗಬೇಕು, ಅಷ್ಟೇ. ಆದರೆ ಆಗ ಯಾರೂ ಬರುವುದಿಲ್ಲ. ಪಕ್ಕದಲ್ಲಿ ಗುಂಡಿ ತೋಡಿದ ಮೇಲೆಯೇ ಎಲ್ಲರಿಗೂ ಎಚ್ಚರ.

ಇನ್ನು ಬಾಗಿಲಿನ ವಿಷಯ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ.

ಅಮೆರಿಕದಲ್ಲಿ ಕಡಿಮೆ ಬಾಡಿಗೆಯ ಹೊಸ ಮನೆಗಳಲ್ಲಿ ಬಹಳಷ್ಟು ಕಟ್ಟುವುದು 1986ರಲ್ಲಿ ಬಂದ ಫೆಡರಲ್ ತೆರಿಗೆ ರಿಯಾಯಿತಿಯ ದುಡ್ಡಲ್ಲಿ. ಆ ರಿಯಾಯಿತಿಗೆ ಒಂದು ಶರತ್ತಿದೆ. ಒಂದು ಮನೆಯಲ್ಲಿ ಇರುವವರೆಲ್ಲರೂ ಫುಲ್ ಟೈಮ್ ವಿದ್ಯಾರ್ಥಿಗಳಾಗಿದ್ದರೆ ಅವರಿಗೆ ಆ ಮನೆ ಇಲ್ಲ. ಬಡವರ ಮನೆಗೆ ಅಂತ ಕೊಟ್ಟ ದುಡ್ಡಲ್ಲಿ ಹಾಸ್ಟೆಲ್ ಕಟ್ಟಬಾರದು ಅನ್ನುವುದು ಇದರ ಹಿಂದಿನ ಯೋಚನೆ. ಕೆಲವು ವಿನಾಯಿತಿಗಳಿವೆ: ಮದುವೆಯಾಗಿ ಒಟ್ಟಿಗೆ ತೆರಿಗೆ ಲೆಕ್ಕ ಕೊಡುವವರು, ಒಂಟಿಯಾಗಿ ಮಕ್ಕಳನ್ನು ಸಾಕುವವರು, ಸರ್ಕಾರದ ಪೋಷಣೆಯಲ್ಲಿ ಬೆಳೆದವರು, ಹೀಗೆ. ಮನೆಯಲ್ಲಿ ಒಬ್ಬರಾದರೂ ಫುಲ್ ಟೈಮ್ ವಿದ್ಯಾರ್ಥಿ ಅಲ್ಲದವರಿದ್ದರೂ ಆಗುತ್ತದೆ. ಆದರೆ ಇಪ್ಪತ್ತು ವರ್ಷದ ಮೂವರು ಗೆಳೆಯರು ಸೇರಿ ಅರ್ಜಿ ಹಾಕಿದರೆ, ಜೇಬಲ್ಲಿ ಕಾಸಿಲ್ಲದಿದ್ದರೂ ‘ಇಲ್ಲ’ ಅನ್ನುವ ಉತ್ತರವೇ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ. ರಾಜ್ಯ ಕಟ್ಟಡಕ್ಕೆ ಒಪ್ಪಿಗೆ ಕೊಟ್ಟಿದೆ, ತೆರಿಗೆ ನಿಯಮ ಬಾಗಿಲಲ್ಲಿ ನಿಂತಿದೆ.

ಹಾಗಾಗಿ ಕ್ಯಾಂಪಸ್ ಪಕ್ಕದಲ್ಲಿ ಇಂಥ ಕಟ್ಟಡ ಬಂದರೆ ಮೊದಲು ಲಾಭವಾಗುವುದು ಯಾರಿಗೆ? ಕ್ಯಾಂಟೀನ್, ಲೈಬ್ರರಿಯಲ್ಲಿ ಕೆಲಸ ಮಾಡುವವರಿಗೆ, ಕೆಲಸ ಮಾಡುತ್ತಾ ಪಾರ್ಟ್ ಟೈಮ್ ಓದುವವರಿಗೆ, ಮಕ್ಕಳಿರುವ ವಿದ್ಯಾರ್ಥಿಗಳಿಗೆ. ನನ್ನ ಮಟ್ಟಿಗೆ ಇದೂ ಒಳ್ಳೆಯದೇ. ಬೆಳಿಗ್ಗೆ ದೂರದ ಊರಿಂದ ಬಸ್ಸು ಹತ್ತಿ ಬಂದು ಕ್ಯಾಂಪಸ್ ಗುಡಿಸುವವರ ಲೆಕ್ಕವನ್ನು ಯಾರು ಕೇಳುತ್ತಾರೆ?

ನೇರವಾಗಿ ವಿದ್ಯಾರ್ಥಿಗಳಿಗೇ ಅಂತ ಇರುವ ದಾರಿಗಳು ಬೇರೆ. 2018ರ ಎಸ್‌ಬಿ 1227 ಪ್ರಕಾರ, ಬಿಲ್ಡರ್ ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಶೇ. 20ರಷ್ಟು ಪಾಲು ಮೀಸಲಿಟ್ಟರೆ ಶೇ. 35ರಷ್ಟು ಹೆಚ್ಚು ಕಟ್ಟಬಹುದು. ಆದಾಯ ಅಳೆಯುವುದು ಕ್ಯಾಲ್ ಗ್ರಾಂಟ್ ಅನ್ನುವ ರಾಜ್ಯದ ವಿದ್ಯಾರ್ಥಿ ನೆರವಿನ ಮಿತಿಯಿಂದ. ಬಾಡಿಗೆ ಇಡೀ ಮನೆಗಲ್ಲ, ಒಂದೊಂದು ಹಾಸಿಗೆಗೆ. 2021ರಲ್ಲಿ ರಾಜ್ಯ ಸರ್ಕಾರಿ ಕ್ಯಾಂಪಸ್‌ಗಳಲ್ಲಿ ಕಡಿಮೆ ಬಾಡಿಗೆಯ ಹಾಸ್ಟೆಲ್ ಕಟ್ಟಲು 200 ಕೋಟಿ ಡಾಲರ್‌ನ ಯೋಜನೆಯನ್ನೂ ಘೋಷಿಸಿತು. ಬೇಕಾಗಿತ್ತು ಕೂಡ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ 2018ರ ಅಧ್ಯಯನದಲ್ಲಿ ಶೇ. 10.9ರಷ್ಟು ವಿದ್ಯಾರ್ಥಿಗಳು ಹಿಂದಿನ ಒಂದು ವರ್ಷದಲ್ಲಿ ಯಾವಾಗಲಾದರೂ ನೆಲೆಯಿಲ್ಲದೆ ಇದ್ದೆವು ಅಂದಿದ್ದರು. ಲಾಂಗ್ ಬೀಚ್‌ನ ಒಂದು ಸಿಟಿ ಕಾಲೇಜು 2021ರಲ್ಲಿ, ಕಾರಲ್ಲೇ ಮಲಗುವ ತನ್ನ ವಿದ್ಯಾರ್ಥಿಗಳಿಗೆ ರಾತ್ರಿ ಕಾಲೇಜಿನ ಪಾರ್ಕಿಂಗ್ ಕಟ್ಟಡವನ್ನೇ ತೆರೆದುಕೊಟ್ಟಿತು.

ಒಂದು ಮಾತು ನೆನಪಿರಲಿ. ಒಪ್ಪಿಗೆ ಸಿಕ್ಕಿತು ಅಂದಮಾತ್ರಕ್ಕೆ ದುಡ್ಡು ಬಂತು ಅಂತಲ್ಲ. ಬಡ್ಡಿ, ಕೂಲಿ, ಮರದ ಬೆಲೆ ಇದಾವುದನ್ನೂ ಎಬಿ 893 ಮುಟ್ಟುವುದಿಲ್ಲ. ಇವತ್ತು ಕಾಲೇಜು ಸೇರಿದವರು ಪದವಿ ಮುಗಿಸುವ ಹೊತ್ತಿಗೆ ಈ ಕಾನೂನಿನಡಿ ಎದ್ದ ಮೊದಲ ಕಟ್ಟಡಗಳು ಕಾಣಿಸಬಹುದು.

ಅಷ್ಟರೊಳಗೆ ನಿಮ್ಮವರು ಯಾರಾದರೂ ಅಲ್ಲಿ ಮನೆ ಹುಡುಕುತ್ತಿದ್ದು, ‘ಅಫೋರ್ಡಬಲ್’ ಅಂತ ಬೋರ್ಡ್ ಇರುವ ಕಟ್ಟಡ ಕಣ್ಣಿಗೆ ಬಿದ್ದರೆ, ಅರ್ಜಿ ಶುಲ್ಕ ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಲಿ: ಇದು ತೆರಿಗೆ ರಿಯಾಯಿತಿಯ ಕಟ್ಟಡವಾ, ಫುಲ್ ಟೈಮ್ ವಿದ್ಯಾರ್ಥಿಗಳಿಗೆ ಕೊಡ್ತೀರಾ? ಬಾಡಿಗೆ ಎಷ್ಟು ಅನ್ನುವುದನ್ನು ಆಮೇಲೆ ಕೇಳಿದರಾಯಿತು.