ಫೋನು ಯಾರನ್ನು ಕೇಳಿ ಇಂಟರ್‌ನೆಟ್‌ಗೆ ಹೋಗುತ್ತದೆ?

ಒಂದು ಬೆಳಗ್ಗೆ ತಂಗಿ ಫೋನ್ ಹಿಡಿದುಕೊಂಡು ಬಂದಳು. "ಅಕ್ಕಾ, ವೈಫೈ ಕನೆಕ್ಟ್ ಆಗಿದೆ. ಮೆಸೇಜೂ ಬರ್ತಿದೆ. ಆದ್ರೆ ಬ್ರೌಸರ್‌ನಲ್ಲಿ ಒಂದು ಪೇಜೂ ಓಪನ್ ಆಗ್ತಿಲ್ಲ."

ನೋಡಿದೆ. ವೈಫೈ ಗುರುತಿನ ಪಕ್ಕದಲ್ಲಿ ಪುಟ್ಟದೊಂದು ಆಶ್ಚರ್ಯಸೂಚಕ ಚಿಹ್ನೆ. ಅದೇ ವೈಫೈನಲ್ಲಿ ನನ್ನ ಫೋನು ಚೆನ್ನಾಗಿಯೇ ಓಡುತ್ತಿತ್ತು. ಅವಳ ಫೋನಿನಲ್ಲಿ ಮೊಬೈಲ್ ಡೇಟಾ ಆನ್ ಮಾಡಿದರೆ ಎಲ್ಲ ಸರಿ. ಆಫ್ ಮಾಡಿ ವೈಫೈಗೆ ಬಂದರೆ ಮತ್ತೆ ಅದೇ ಕಥೆ.

ಎಲ್ಲ ಕೆಟ್ಟಿದ್ದರೆ ಕಾರಣ ಹುಡುಕುವುದು ಸುಲಭ. ಅರ್ಧ ಕೆಟ್ಟು ಅರ್ಧ ಸರಿಯಿದ್ದಾಗಲೇ ತಲೆಬಿಸಿ. ಆದರೆ ಈ ಅರ್ಧಂಬರ್ಧವೇ ಒಳ್ಳೆಯ ಸುಳಿವು ಕೂಡ. ಮೆಸೇಜ್ ಬರುತ್ತಿದೆ ಎಂದರೆ ದಾರಿ ಇದೆ. ಬ್ರೌಸರ್ ಆ ದಾರಿಯಲ್ಲಿ ಹೋಗುತ್ತಿಲ್ಲ, ಅಷ್ಟೇ. "ಈ ವೈಫೈಗೆ ಏನಾದ್ರೂ ಪ್ರಾಕ್ಸಿ ಹಾಕಿದ್ಯಾ?" ಅಂತ ಕೇಳಿದೆ. ಪ್ರಾಕ್ಸಿ ಅಂದರೆ ಫೋನಿನ ಪರವಾಗಿ ಇಂಟರ್‌ನೆಟ್‌ಗೆ ಹೋಗಿ ಬರುವ ಮಧ್ಯವರ್ತಿ. ಹಾಕಿದ್ದಳು. ಅವಳು ಆ್ಯಪ್ ಟೆಸ್ಟಿಂಗ್ ಕಲಿಯುತ್ತಿದ್ದಳು. ಫೋನಿನಿಂದ ಏನೇನು ಹೊರಗೆ ಹೋಗುತ್ತದೆ ಎಂದು ಲ್ಯಾಪ್‌ಟಾಪ್‌ನಲ್ಲಿ ನೋಡಲು ಹಿಂದಿನ ದಿನ ಎರಡು ಸಂಖ್ಯೆ ಟೈಪ್ ಮಾಡಿದ್ದಳು: 192.168.1.5 ಮತ್ತು 8080. ಮೊದಲನೆಯದು ಲ್ಯಾಪ್‌ಟಾಪ್‌ನ ವಿಳಾಸ. ಎರಡನೆಯದು ಆ ಲ್ಯಾಪ್‌ಟಾಪ್‌ನಲ್ಲಿ ಯಾವ ಬಾಗಿಲು ತಟ್ಟಬೇಕು ಎನ್ನುವ ಪೋರ್ಟ್ ಸಂಖ್ಯೆ.

ವಿಚಿತ್ರ ಅಂದರೆ ಲ್ಯಾಪ್‌ಟಾಪ್ ಆನ್ ಆಗಿಯೇ ಇತ್ತು. ಅದರಲ್ಲಿ ಪ್ರಾಕ್ಸಿ ಪ್ರೋಗ್ರಾಮೂ ಓಡುತ್ತಿತ್ತು. ಆದರೂ ಕೆಲಸ ಆಗುತ್ತಿಲ್ಲ. ಯಾಕೆ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾವು ವೈಫೈ ಪಾಸ್‌ವರ್ಡ್ ಹಾಕಿ ಸುಮ್ನೆ ಕೂತಿರುತ್ತೇವೆ. ಆ ಒಂದೆರಡು ಸೆಕೆಂಡಿನಲ್ಲಿ ಫೋನು ಮತ್ತು ರೂಟರ್ ನಡುವೆ ಚಿಕ್ಕದೊಂದು ಮಾತುಕತೆ ನಡೆಯುತ್ತದೆ. ಫೋನಿಗೆ ಇನ್ನೂ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಅದು ಎಲ್ಲರಿಗೂ ಕೇಳಿಸುವ ಹಾಗೆ ಕೂಗುತ್ತದೆ: "ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ?" ರೂಟರ್ ಹೇಳುತ್ತದೆ: "ನಾನಿದ್ದೇನೆ. ಈ ಸಂಖ್ಯೆ ಖಾಲಿ ಇದೆ, ಬೇಕಾ?" ಫೋನು: "ಬೇಕು, ಅದನ್ನೇ ಕೊಡಿ." ರೂಟರ್: "ಸರಿ, ಕೊಟ್ಟೆ." ನಾಲ್ಕೇ ಮಾತು. ಇದಕ್ಕೆ ಡಿಎಚ್‌ಸಿಪಿ ಎಂದು ಹೆಸರು. ವಿಳಾಸದ ಜೊತೆಗೆ ಇನ್ನೂ ಎರಡು ಮುಖ್ಯ ವಿಷಯ ಸಿಗುತ್ತವೆ. ಹೊರಗೆ ಹೋಗಬೇಕಾದರೆ ಯಾವ ಬಾಗಿಲಿನಿಂದ ಹೋಗಬೇಕು ಎನ್ನುವುದು ಒಂದು, ಅದೇ ಗೇಟ್‌ವೇ. ವೆಬ್‌ಸೈಟಿನ ಹೆಸರು ಕೊಟ್ಟು ಅದರ ಸಂಖ್ಯೆಯನ್ನು ಯಾರ ಹತ್ತಿರ ಕೇಳಬೇಕು ಎನ್ನುವುದು ಇನ್ನೊಂದು, ಅದೇ ಡಿಎನ್‌ಎಸ್.

ಹೀಗೆ ಸಿಕ್ಕ ವಿಳಾಸ ಸ್ವಂತದ್ದಲ್ಲ, ಬಾಡಿಗೆಯದ್ದು. ಅದಕ್ಕೆ ಅವಧಿ ಇರುತ್ತದೆ. ಅವಧಿ ಅರ್ಧ ಕಳೆದಾಗ ಫೋನು ತಾನಾಗಿಯೇ ರೂಟರನ್ನು ಕೇಳಿ ನವೀಕರಿಸಿಕೊಳ್ಳುತ್ತದೆ. ಹಾಗಾಗಿ ಎಷ್ಟೋ ದಿನ ಅದೇ ಸಂಖ್ಯೆ ಉಳಿಯಬಹುದು, ಆದರೆ ಉಳಿಯಲೇಬೇಕು ಅಂತೇನೂ ಇಲ್ಲ. ಇನ್ನೊಂದು ವಿಷಯ. 192.168 ಎಂದು ಶುರುವಾಗುವ ವಿಳಾಸಗಳು ಮನೆ, ಆಫೀಸಿನ ಒಳಗಿನ ಬಳಕೆಗೆ ಎಂದೇ ಮೀಸಲು. ಈ ಹಳೆಯ ಮಾದರಿಯ ವಿಳಾಸಗಳು (ಐಪಿ ವಿಳಾಸ ಎನ್ನುತ್ತಾರೆ) ಒಟ್ಟು ಸುಮಾರು 430 ಕೋಟಿ ಮಾತ್ರ. ಲೋಕದ ಎಲ್ಲ ಸಾಧನಗಳಿಗೆ ಅವು ಸಾಲುವುದಿಲ್ಲ. ಅದಕ್ಕೇ ಇದೇ 192.168.1.5 ಲಕ್ಷಾಂತರ ಮನೆಗಳ ಒಳಗೆ ಇರುತ್ತದೆ. ಈ ಮನೆಯಲ್ಲಿ ಲ್ಯಾಪ್‌ಟಾಪ್, ಆ ಮನೆಯಲ್ಲಿ ಪ್ರಿಂಟರ್.

ಈಗ ತಂಗಿಯ ಫೋನಿಗೆ ಬರೋಣ. ರಾತ್ರಿ ಕರೆಂಟ್ ಹೋಗಿ ಬಂದಿತ್ತು. ರೂಟರ್ ಮತ್ತೆ ಶುರುವಾಗಿ ವಿಳಾಸಗಳನ್ನು ಹೊಸದಾಗಿ ಹಂಚಿತ್ತು. ರೂಟರಿನ ಪಟ್ಟಿ ತೆರೆದು ನೋಡಿದಾಗ ಗೊತ್ತಾಯಿತು: ಲ್ಯಾಪ್‌ಟಾಪ್ ಈಗ 192.168.1.8. ಆ 5 ಸಿಕ್ಕಿದ್ದು ಟಿವಿಗೆ! ಫೋನಿಗೆ ಇದು ಹೇಗೆ ಗೊತ್ತಾಗಬೇಕು? ಅದು ಪ್ರತಿ ಪೇಜಿಗೂ ಟಿವಿಯ ಹತ್ತಿರ ಹೋಗಿ 8080ನೇ ಬಾಗಿಲು ತಟ್ಟುತ್ತಿತ್ತು. ಅಲ್ಲಿ ತೆರೆಯುವವರು ಯಾರೂ ಇರಲಿಲ್ಲ.

ಹಾಗಾದರೆ ಮೆಸೇಜ್ ಹೇಗೆ ಬಂತು? ಆಂಡ್ರಾಯ್ಡ್‌ನ ಪ್ರಾಕ್ಸಿ ಪರದೆಯಲ್ಲೇ ಇದರ ಉತ್ತರ ಸಣ್ಣ ಅಕ್ಷರದಲ್ಲಿದೆ. ಈ ಪ್ರಾಕ್ಸಿಯನ್ನು ಬ್ರೌಸರ್ ಬಳಸುತ್ತದೆ, ಬೇರೆ ಆ್ಯಪ್‌ಗಳು ಬಳಸದೆ ಇರಬಹುದು ಎನ್ನುವ ಅರ್ಥದ ಸಾಲು ಅದು. ಅಂದರೆ ಈ ಸೆಟ್ಟಿಂಗ್ ಆಜ್ಞೆಯಲ್ಲ, ಒಂದು ಸೂಚನೆ. ಪಾಲಿಸುವ ಆ್ಯಪ್ ಪಾಲಿಸುತ್ತದೆ, ಉಳಿದದ್ದು ನೇರವಾಗಿ ಹೋಗುತ್ತದೆ. ಫೋನಿನ ಸಂಚಾರವನ್ನು ಬೇರೊಂದು ಸರ್ವರ್ ಮೂಲಕ ಕಳಿಸುವ ವಿಪಿಎನ್‌ಗೂ ಪ್ರಾಕ್ಸಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ವಿಪಿಎನ್ ಇನ್ನೂ ಕೆಳಗಿನ ಹಂತದಲ್ಲಿ ಕೂತಿರುತ್ತದೆ. ಆ್ಯಪ್‌ಗೆ ಗೊತ್ತಿರಲಿ ಬಿಡಲಿ, ಅದರ ಮಾತು ಸಾಮಾನ್ಯವಾಗಿ ವಿಪಿಎನ್ ಮೂಲಕವೇ ಹಾದುಹೋಗುತ್ತದೆ. ಪ್ರಾಕ್ಸಿ ಹಾಕಿ "ನನ್ನ ಫೋನು ಪೂರ್ತಿ ಮರೆಯಾಯಿತು" ಎಂದುಕೊಳ್ಳುವವರು ಇದನ್ನು ತಿಳಿಯಲೇಬೇಕು.

ಮೊಬೈಲ್ ಡೇಟಾದಲ್ಲಿ ಸರಿಹೋಗಿದ್ದೂ ಇದರಿಂದಲೇ ಅರ್ಥವಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹಾಕುವ ಪ್ರಾಕ್ಸಿ ಫೋನಿನದ್ದಲ್ಲ, ಆ ಒಂದು ವೈಫೈನದ್ದು. ಆಂಡ್ರಾಯ್ಡ್‌ನಲ್ಲಿ ಆ ವೈಫೈ ಹೆಸರಿನ ಪಕ್ಕದ ಗಾಲಿ ಚಿಹ್ನೆ ಒತ್ತಿ, ಎಡಿಟ್‌ಗೆ ಹೋಗಿ, ಅಡ್ವಾನ್ಸ್ಡ್ ಆಯ್ಕೆಗಳನ್ನು ತೆರೆದರೆ ಅದು ಸಿಗುತ್ತದೆ. ಫೋನಿನ ಕಂಪನಿ ಬದಲಾದಂತೆ ಹೆಸರುಗಳು ಸ್ವಲ್ಪ ಆಚೀಚೆ ಆಗುತ್ತವೆ. ಐಫೋನ್‌ನಲ್ಲಿ ವೈಫೈ ಹೆಸರಿನ ಪಕ್ಕದ ಪುಟ್ಟ 'ಐ' ಒತ್ತಿ ಕೊನೆಯವರೆಗೆ ಜಾರಿಸಿದರೆ 'ಕಾನ್ಫಿಗರ್ ಪ್ರಾಕ್ಸಿ' ಕಾಣುತ್ತದೆ. ಮೊಬೈಲ್ ಡೇಟಾದ ಪ್ರಾಕ್ಸಿ ಇರುವುದು ಬೇರೆ ಕಡೆ. ಆಂಡ್ರಾಯ್ಡ್‌ನ ಎಪಿಎನ್ (ಮೊಬೈಲ್ ಡೇಟಾ ಸೆಟ್ಟಿಂಗ್) ಪುಟದಲ್ಲಿ ಇವತ್ತಿಗೂ ಪ್ರಾಕ್ಸಿ, ಪೋರ್ಟ್ ಎನ್ನುವ ಎರಡು ಖಾನೆಗಳಿವೆ. ಪುಟ್ಟ ಪರದೆಯ ಹಳೆಯ ಫೋನುಗಳು ಮೊಬೈಲ್ ಕಂಪನಿಯ ವ್ಯಾಪ್ ಗೇಟ್‌ವೇ ಎಂಬ ಮಧ್ಯವರ್ತಿಯ ಮೂಲಕ ಇಂಟರ್‌ನೆಟ್ ನೋಡುತ್ತಿದ್ದ ಕಾಲದಲ್ಲಿ ಆ ಖಾನೆಗಳಿಗೆ ಭಾರೀ ಕೆಲಸವಿತ್ತು. ಈಗ ಹೆಚ್ಚಿನ ಕಡೆ ಖಾಲಿಯಾಗಿರುತ್ತವೆ. ಮೊಬೈಲ್ ಕಂಪನಿ ಹೇಳದೆ ಅವನ್ನು ಮುಟ್ಟದಿರುವುದೇ ಒಳ್ಳೆಯದು.

ಪ್ರಾಕ್ಸಿ ಎಂಬ ಪದ ನಮಗೇನೂ ಹೊಸದಲ್ಲ. ಕ್ಲಾಸಿಗೆ ಬಾರದ ಗೆಳೆಯನ ಪರವಾಗಿ ಹಾಜರಿ ಕೂಗುವುದಕ್ಕೆ ಪ್ರಾಕ್ಸಿ ಹಾಕುವುದು ಅಂತೀವಿ, ಅಲ್ವಾ? ಇಲ್ಲೂ ಅಷ್ಟೇ, ನಮ್ಮ ಪರವಾಗಿ ಬೇರೊಬ್ಬರು ಹೋಗಿ ಕೇಳಿ ತರುತ್ತಾರೆ. ವೆಬ್‌ಸೈಟಿಗೆ ಕಾಣುವುದು ನಮ್ಮ ವಿಳಾಸವಲ್ಲ, ಪ್ರಾಕ್ಸಿಯ ವಿಳಾಸ. ಸಾಮಾನ್ಯವಾಗಿ ಸೈಟಿನ ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಕೆಲಸವನ್ನೂ ಬ್ರೌಸರ್ ಆಗ ಮಾಡುವುದಿಲ್ಲ. ಪೂರ್ತಿ ವಿಳಾಸವನ್ನು ಪ್ರಾಕ್ಸಿಯ ಕೈಗೆ ಕೊಟ್ಟುಬಿಡುತ್ತದೆ. ವೆಬ್ ಹುಟ್ಟಿದ, ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್‌ನಲ್ಲೇ ಈ ಕೆಲಸವೂ ಬೆಳೆಯಿತು. ವೆಬ್ ಪ್ರಾಕ್ಸಿಗಳ ಬಗ್ಗೆ ಆರಿ ಲುವೊಟೊನೆನ್ ಮತ್ತು ಕೆವಿನ್ ಆಲ್ಟಿಸ್ 1994ರಲ್ಲಿ ಪ್ರಬಂಧ ಬರೆದರು. ಸಂಸ್ಥೆಯ ನೆಟ್‌ವರ್ಕಿಗೆ ಕಾವಲು ನಿಲ್ಲುವ ಫೈರ್‌ವಾಲ್‌ನ ಹಿಂದೆ ಇದ್ದವರಿಗೂ ವೆಬ್ ಸಿಗಬೇಕು ಎನ್ನುವುದು ಮುಖ್ಯ ಉದ್ದೇಶ. ಒಬ್ಬರು ನೋಡಿದ ಪೇಜನ್ನು ಪ್ರಾಕ್ಸಿ ಉಳಿಸಿಟ್ಟುಕೊಂಡರೆ ಮುಂದಿನವರಿಗೆ ಬೇಗ ಕೊಡಬಹುದು ಎನ್ನುವುದು ಜೊತೆಗೆ ಸಿಕ್ಕ ಲಾಭ.

ದೊಡ್ಡ ಆಫೀಸುಗಳಲ್ಲಿ ಪ್ರತಿ ಸೈಟಿಗೂ ಒಂದೇ ಪ್ರಾಕ್ಸಿ ಸಾಕಾಗುವುದಿಲ್ಲ. ಅಲ್ಲಿ 'ಆಟೋ' ಎನ್ನುವ ಆಯ್ಕೆ ಬರುತ್ತದೆ. ಸಂಖ್ಯೆಗಳ ಬದಲು ಪಿಎಸಿ ಎನ್ನುವ ಒಂದು ಫೈಲಿನ ಯುಆರ್‌ಎಲ್ ಕೊಡುತ್ತಾರೆ. ಅದರೊಳಗೆ ಚಿಕ್ಕ ಜಾವಾಸ್ಕ್ರಿಪ್ಟ್ ಇರುತ್ತದೆ. ಈ ಸೈಟಿಗೆ ನೇರ ಹೋಗು, ಆ ಸೈಟಿಗೆ ಪ್ರಾಕ್ಸಿ ಮೂಲಕ ಹೋಗು ಎಂದು ಅದು ಹೇಳುತ್ತದೆ. ನೆಟ್‌ಸ್ಕೇಪ್ 1996ರಲ್ಲಿ ತಂದ ಈ ಉಪಾಯ ಇವತ್ತಿನ ಫೋನುಗಳಲ್ಲೂ ಹಾಗೇ ಇದೆ.

ಇನ್ನು ನನಗೆ ತುಂಬಾ ಮುಖ್ಯ ಅನಿಸುವ ಮಾತು. ಪ್ರಾಕ್ಸಿ ನಮ್ಮ ಪರವಾಗಿ ಹೋಗುತ್ತದೆ ಎಂದಮೇಲೆ ಅದು ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತದೆಯೇ? ಸೈಟು ಬೀಗವಿಲ್ಲದ ಬರೀ ಎಚ್‌ಟಿಟಿಪಿ ಆಗಿದ್ದರೆ ಹೌದು, ಎಲ್ಲವನ್ನೂ. ಓದಬಹುದು, ಬದಲಾಯಿಸಲೂಬಹುದು. ಎಚ್‌ಟಿಟಿಪಿಎಸ್ ಆದರೆ ಬ್ರೌಸರ್ ಪ್ರಾಕ್ಸಿಗೆ "ಈ ಸೈಟಿನವರೆಗೆ ಒಂದು ಕೊಳವೆ ಜೋಡಿಸು, ಸಾಕು" ಎನ್ನುತ್ತದೆ. ಕೊಳವೆಯೊಳಗೆ ಹರಿಯುವುದು ಬೀಗ ಹಾಕಿದ ಮಾತು. ಯಾವ ಸೈಟು, ಎಷ್ಟು ಹೊತ್ತಿಗೆ, ಎಷ್ಟು ಡೇಟಾ ಎನ್ನುವುದಷ್ಟೇ ಪ್ರಾಕ್ಸಿಗೆ ತಿಳಿಯುತ್ತದೆ. ಪಾಸ್‌ವರ್ಡ್ ತಿಳಿಯುವುದಿಲ್ಲ.

ಆದರೆ ಒಂದು ಕಳ್ಳದಾರಿ ಇದೆ. ಪ್ರಾಕ್ಸಿಯ ಜೊತೆಗೆ ಅದರ ಸರ್ಟಿಫಿಕೇಟನ್ನೂ (ಎದುರಿನ ಸೈಟು ಅಸಲಿ ಎಂದು ಫೋನು ನಂಬಲು ನೋಡುವ ಗುರುತಿನ ಪತ್ರ) ಫೋನಿನಲ್ಲಿ ಇನ್‌ಸ್ಟಾಲ್ ಮಾಡಿದರೆ ಕಥೆ ಬದಲಾಗುತ್ತದೆ. ಆಗ ಪ್ರಾಕ್ಸಿ ಮಧ್ಯದಲ್ಲಿ ನಿಂತು "ನಾನೇ ನಿನ್ನ ಬ್ಯಾಂಕ್" ಎಂದರೂ ಫೋನು ನಂಬುತ್ತದೆ. ತಂಗಿ ಟೆಸ್ಟಿಂಗ್‌ಗೆ ಮಾಡಿದ್ದೂ ಇದನ್ನೇ, ಆದರೆ ಅವಳ ಫೋನು, ಅವಳದೇ ಲ್ಯಾಪ್‌ಟಾಪ್. ಅಪರಿಚಿತರು ಹೇಳಿದ್ದನ್ನು ಕೇಳಿ ಮಾಡಿದರೆ ಮನೆಯ ಬೀಗದ ಕೈಯನ್ನೇ ಕೊಟ್ಟಂತೆ. ಈ ಅಪಾಯಕ್ಕಾಗಿಯೇ 2016ರ ಆಂಡ್ರಾಯ್ಡ್ 7ರಿಂದ, ನಾವು ಹಾಕಿದ ಸರ್ಟಿಫಿಕೇಟನ್ನು ಆ್ಯಪ್‌ಗಳು ತಾವಾಗಿ ನಂಬದಂತೆ ಮಾಡಲಾಯಿತು. ಐಫೋನ್‌ನಲ್ಲೂ ಇನ್‌ಸ್ಟಾಲ್ ಆದ ಮೇಲೆ ಇನ್ನೊಂದು ಕಡೆ ಹೋಗಿ ಪೂರ್ತಿ ನಂಬಿಕೆಯ ಸ್ವಿಚ್ ಒತ್ತಬೇಕು. ಆದರೂ ನಾವೇ ಹೂಂ ಅಂದುಬಿಟ್ಟರೆ ಫೋನು ಏನು ಮಾಡೀತು? "ಈ ಪ್ರಾಕ್ಸಿ ಹಾಕಿ, ಈ ಸರ್ಟಿಫಿಕೇಟ್ ಇನ್‌ಸ್ಟಾಲ್ ಮಾಡಿ, ಇಂಟರ್‌ನೆಟ್ ಫ್ರೀ" ಎಂಬ ಸಂದೇಶ ಬಂದರೆ ದಯವಿಟ್ಟು ಅಲ್ಲೇ ಅಳಿಸಿಬಿಡಿ. ಆಫೀಸಿನ ಫೋನಿನಲ್ಲಿ ಆಫೀಸಿನ ಪ್ರಾಕ್ಸಿ ಇದ್ದರೆ ಅದರಲ್ಲಿ ಸ್ವಂತ ವ್ಯವಹಾರ ಬೇಡ.

ವೈಫೈ ಇದ್ದೂ ಇಲ್ಲದಂತೆ ಆದಾಗ ಎಲ್ಲರೂ ಮೊದಲು ಹೋಗುವುದು 'ರಿಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್'ಗೆ. ನನ್ನ ಪ್ರಕಾರ ಅದು ಕೊನೆಯ ಮದ್ದು. ಉಳಿಸಿಟ್ಟ ಎಲ್ಲ ವೈಫೈ ಪಾಸ್‌ವರ್ಡ್‌ಗಳು ಅದರಿಂದ ಅಳಿಸಿಹೋಗುತ್ತವೆ. ಎಷ್ಟೋ ಫೋನುಗಳಲ್ಲಿ ಬ್ಲೂಟೂತ್ ಜೋಡಣೆಗಳೂ ಹೋಗುತ್ತವೆ. ಅದಕ್ಕೂ ಮುಂಚೆ ಅದೇ ವೈಫೈನಲ್ಲಿ ಇನ್ನೊಂದು ಫೋನು ಓಡುತ್ತದಾ ನೋಡಿ. ಓಡಿದರೆ ತಪ್ಪು ಈ ಫೋನಿನಲ್ಲಿದೆ. ಆಗ ಆ ವೈಫೈನ ಪ್ರಾಕ್ಸಿ ಖಾನೆ, ಐಪಿ ಖಾನೆ ನೋಡಿ. ಐಫೋನ್‌ನಲ್ಲಿ ವಿಳಾಸ 169.254 ಎಂದು ಶುರುವಾಗಿದ್ದರೆ ವಿಳಾಸ ಕೊಡುವವರು ಯಾರೂ ಸಿಗದೆ ಫೋನು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ, ಆಗ ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಏನೂ ಗೊತ್ತಾಗದಿದ್ದರೆ ಆ ಒಂದು ವೈಫೈಯನ್ನು 'ಫರ್ಗೆಟ್' ಮಾಡಿ ಮತ್ತೆ ಸೇರಿಕೊಳ್ಳಿ. ಹಾಕಿದ್ದ ಪ್ರಾಕ್ಸಿ ಸಾಮಾನ್ಯವಾಗಿ ಅದರ ಜೊತೆಗೇ ಹೋಗುತ್ತದೆ.

ತಂಗಿಯ ಫೋನಿನಲ್ಲಿ 5 ಅಳಿಸಿ 8 ಹಾಕಿದ್ದೇ ತಡ, ಪೇಜುಗಳು ತೆರೆದುಕೊಂಡವು. ಆದರೆ ಮುಂದಿನ ಸಲ ಕರೆಂಟ್ ಹೋದರೆ? ರೂಟರಿನ ಸೆಟ್ಟಿಂಗ್‌ಗೆ ಹೋಗಿ ಲ್ಯಾಪ್‌ಟಾಪ್‌ಗೆ ಯಾವಾಗಲೂ ಅದೇ 8 ಸಿಗುವಂತೆ ಮೀಸಲಿಟ್ಟೆವು. ಆಮೇಲೆ ಅವಳೇ ಫೋನ್ ತೆಗೆದುಕೊಂಡು, ಅವತ್ತಿನ ಟೆಸ್ಟಿಂಗ್ ಮುಗಿದ ಕೂಡಲೇ ಪ್ರಾಕ್ಸಿ ಆಫ್ ಮಾಡಿದಳು, ಸರ್ಟಿಫಿಕೇಟನ್ನೂ ತೆಗೆದಳು.