ಸಮಾಜದ ಮಾತಾಡುವ ವಿಡಿಯೊ ಗೇಮ್‌ಗಳು ಎಲ್ಲಿಂದ ಬಂದವು?

ಬೆಂಗಳೂರಿನಲ್ಲಿ ಈಗ ‘ಗೇಮಿಂಗ್’ ಅಂದರೆ ಜಾಸ್ತಿ ಜನರಿಗೆ ಮೊದಲು ನೆನಪಾಗುವುದು ದುಡ್ಡು ಕಟ್ಟಿ ಆಡುವ ರಮ್ಮಿ ಆ್ಯಪ್‌ಗಳು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿ, ಹಣ ಪಣಕ್ಕಿಡುವ ಆನ್‌ಲೈನ್ ಆಟಗಳಿಗೆ ದೇಶದಾದ್ಯಂತ ತಡೆ ಹಾಕಿತು. ಸಾಲದಲ್ಲಿ ಮುಳುಗಿದ ಮನೆಗಳ ಸುದ್ದಿ ಓದಿದವರಿಗೆ ಆ ಆತಂಕ ಅರ್ಥವಾಗುತ್ತದೆ. ಆದರೆ ಈ ಗದ್ದಲದಲ್ಲಿ ಇನ್ನೊಂದು ಬಗೆಯ ಆಟಗಳ ವಿಷಯ ಯಾರ ಕಿವಿಗೂ ಬೀಳಲಿಲ್ಲ. ಯುದ್ಧ, ಕಸ, ಮಾನವ ಸಾಗಣೆ, ರೋಗ ಇಂಥ ವಿಷಯಗಳ ಬಗ್ಗೆ ಜನ ಯೋಚಿಸಲಿ ಅಂತಲೇ ಮಾಡುವ ಆಟಗಳಿವೆ. ಅವುಗಳಿಗೆ ದೊಡ್ಡ ಇತಿಹಾಸವೇ ಇದೆ, ಅದರಲ್ಲಿ ನಮ್ಮ ಊರಿನ ಪಾಲೂ ಇದೆ.

ಈ ಕಥೆ ಕಂಪ್ಯೂಟರ್‌ಗಿಂತ ಹಳೆಯದು. 1904ರಲ್ಲಿ ಅಮೆರಿಕದ ಎಲಿಜಬೆತ್ ಮ್ಯಾಗಿ ‘ದಿ ಲ್ಯಾಂಡ್‌ಲಾರ್ಡ್ಸ್ ಗೇಮ್’ ಎಂಬ ಹಾಸಿನ ಆಟಕ್ಕೆ ಪೇಟೆಂಟ್ ಪಡೆದರು. ಭೂಮಿಯ ಮೌಲ್ಯದ ಮೇಲೆ ಮಾತ್ರ ತೆರಿಗೆ ಹಾಕಬೇಕು ಎಂದು ವಾದಿಸಿದ ಹೆನ್ರಿ ಜಾರ್ಜ್ ವಿಚಾರಗಳನ್ನು ಅವರು ನಂಬಿದ್ದರು. ಕೆಲವರ ಕೈಗೇ ಜಮೀನು ಸೇರಿದರೆ ಉಳಿದವರು ಬಾಡಿಗೆ ಕಟ್ಟೀ ಕಟ್ಟೀ ಹೇಗೆ ದಿವಾಳಿ ಆಗುತ್ತಾರೆ ಎಂದು ಆಡುವವರಿಗೆ ಗೊತ್ತಾಗಲಿ ಅನ್ನುವುದು ಅವರ ಆಸೆ. ಈ ಆಟಕ್ಕೆ ಎರಡು ಬಗೆಯ ನಿಯಮಗಳಿದ್ದವು. ಒಂದರಲ್ಲಿ ಒಬ್ಬನೇ ಎಲ್ಲರನ್ನೂ ಮುಳುಗಿಸಿ ಗೆಲ್ಲುತ್ತಾನೆ. ಇನ್ನೊಂದರಲ್ಲಿ ಹುಟ್ಟಿದ ಸಂಪತ್ತು ಎಲ್ಲರಿಗೂ ಹಂಚಿಹೋಗುತ್ತದೆ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ‘ಮೊನಾಪಲಿ’ ಹೊರತಂದಾಗ ಉಳಿದದ್ದು ಮೊದಲನೆಯ ಬಗೆ ಮಾತ್ರ. ಮ್ಯಾಗಿ ಅವರ ಪೇಟೆಂಟ್‌ಗೆ ಆ ಕಂಪನಿ ಕೊಟ್ಟಿದ್ದು 500 ಡಾಲರ್. ಬೇಸಿಗೆ ರಜೆಯಲ್ಲಿ ನಮ್ಮ ಮನೆಗಳಲ್ಲಿ ಆಡುವ ‘ಬಿಸಿನೆಸ್’ ಆಟವೂ ಅದೇ ವಂಶದ್ದು. ಎಚ್ಚರಿಕೆ ಕೊಡಲು ಹುಟ್ಟಿದ ಆಟ, ಅರ್ಧ ನಿಯಮ ಕಳೆದುಕೊಂಡ ಕೂಡಲೇ ಅದಕ್ಕೆ ಪೂರ್ತಿ ವಿರುದ್ಧವಾದ ಪಾಠ ಕಲಿಸತೊಡಗಿತು.

ನಮ್ಮಲ್ಲೂ ಇಂಥದ್ದೊಂದಿದೆ. ವೈಕುಂಠ ಏಕಾದಶಿಯ ಜಾಗರಣೆಗೆ ಆಡುತ್ತಿದ್ದ ಪರಮಪದ ಸೋಪಾನ ಪಟದಲ್ಲಿ ಏಣಿ ಅಂದರೆ ಪುಣ್ಯ, ಹಾವು ಅಂದರೆ ಪಾಪ. ನೀತಿ ಹೇಳಬೇಕೆಂದೇ ಮಾಡಿದ ಆಟ ಅದು. ಆದರೆ ಅದರಲ್ಲಿ ಎಲ್ಲವೂ ದಾಳದ ಕೈಲಿದೆ. ಹಾವಿನ ಬಾಯಿಗೆ ಬೀಳುವವನು ತಪ್ಪು ಮಾಡಿ ಬೀಳುವುದಿಲ್ಲ, ಸುಮ್ನೆ ಬೀಳುತ್ತಾನೆ. ಭಕ್ತಿಗೆ ಅದು ಸರಿ ಇರಬಹುದು. ಸಮಾಜ ಬದಲಾಗಲಿ ಎಂದು ಆಟ ಮಾಡುವವರಿಗೆ ಅಷ್ಟು ಸಾಕಾಗುವುದಿಲ್ಲ. ಆಡುವವರಿಗೆ ಆಯ್ಕೆ ಬೇಕು, ಆ ಆಯ್ಕೆಗೆ ಪರಿಣಾಮ ಬೇಕು.

ಕಂಪ್ಯೂಟರ್ ಈ ಕೆಲಸಕ್ಕೆ ಒದಗಿ ಬಂದದ್ದು ಅದಕ್ಕೇ. 2003ರಲ್ಲಿ ಉರುಗ್ವೆಯ ಗೊಂಜಾಲೊ ಫ್ರಾಸ್ಕಾ ಮತ್ತು ಗೆಳೆಯರು ‘ಸೆಪ್ಟೆಂಬರ್ 12’ ಎಂಬ ಚಿಕ್ಕ ಗೇಮ್ ಮಾಡಿದರು. ತೆರೆಯ ಮೇಲೆ ಒಂದು ಸಂತೆ ಬೀದಿ. ಹೆಂಗಸರು, ಮಕ್ಕಳು, ನಾಯಿಗಳ ನಡುವೆ ಅಲ್ಲಲ್ಲಿ ಬಂದೂಕುಧಾರಿ ಉಗ್ರರು. ನಿಮ್ಮ ಕೈಯಲ್ಲಿ ಕ್ಷಿಪಣಿ. ಹಾರಿಸಬಹುದು, ಹಾರಿಸದೆಯೂ ಇರಬಹುದು. ಹಾರಿಸಿದರೆ ಅದು ತಡವಾಗಿ ಬಂದು ಬೀಳುತ್ತದೆ. ಅಷ್ಟರಲ್ಲಿ ಜನ ಅತ್ತಿತ್ತ ಓಡಾಡಿರುತ್ತಾರೆ. ಸತ್ತವರ ಹತ್ತಿರ ಬಂದು ಅಳುವವರು ನೋಡನೋಡುತ್ತಲೇ ಉಗ್ರರಾಗಿ ಬದಲಾಗುತ್ತಾರೆ. ಹೊಡೆದಷ್ಟೂ ಅವರ ಸಂಖ್ಯೆ ಹೆಚ್ಚುತ್ತದೆ. ಈ ಆಟದಲ್ಲಿ ಅಂಕಗಳಿಲ್ಲ, ಗೆಲುವೂ ಇಲ್ಲ. ಆಟದ ಒಳಗೆ ಯಾರೂ ನಿಮಗೆ ಭಾಷಣ ಮಾಡುವುದಿಲ್ಲ. ಹೇಳಬೇಕಾದ್ದೆಲ್ಲ ಆ ಒಂದು ನಿಯಮದಲ್ಲೇ ಇದೆ. ಇಷ್ಟು ಚಿಕ್ಕ ಆಟ ಇಷ್ಟು ದೊಡ್ಡ ಮಾತು ಹೇಳಿದ ಇನ್ನೊಂದು ಉದಾಹರಣೆ ನನಗೆ ಸುಲಭಕ್ಕೆ ಸಿಗುವುದಿಲ್ಲ.

ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಸೇನೆ, ಯುವಕರನ್ನು ಸೇನೆಯತ್ತ ಸೆಳೆಯಲು ‘ಅಮೆರಿಕಾಸ್ ಆರ್ಮಿ’ ಎಂಬ ಉಚಿತ ಗೇಮ್ ಬಿಟ್ಟಿತ್ತು. ಗೇಮ್‌ಗಳು ಮನಸ್ಸು ಬದಲಿಸಬಲ್ಲವು ಎಂದು ನಂಬಿದ್ದವರು ಒಂದೇ ಕಡೆ ಇರಲಿಲ್ಲ ಅನ್ನುವುದನ್ನು ಮರೆಯಬಾರದು. 2004ರಲ್ಲಿ ನ್ಯೂಯಾರ್ಕ್‌ನಲ್ಲಿ ‘ಗೇಮ್ಸ್ ಫಾರ್ ಚೇಂಜ್’ ಸಂಸ್ಥೆ ಶುರುವಾಯಿತು. 2005ರಲ್ಲಿ ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮ ‘ಫುಡ್ ಫೋರ್ಸ್’ ತಂದಿತು. 2006ರಲ್ಲಿ ಸುಡಾನ್‌ನ ನಿರಾಶ್ರಿತರ ಕುರಿತ ‘ಡಾರ್ಫರ್ ಈಸ್ ಡೈಯಿಂಗ್’ ಬಂತು. ಅದರಲ್ಲಿ ಶಿಬಿರದಿಂದ ಬಾವಿಗೆ ಓಡಿ ನೀರು ತರಬೇಕು, ಸಶಸ್ತ್ರ ಗುಂಪಿನ ಕೈಗೆ ಸಿಗಬಾರದು. ಇದೇ ವಿಷಯವನ್ನು ಬರಹದಲ್ಲಿ ಓದಿದವರಿಗಿಂತ ಗೇಮ್ ಆಡಿದವರು ನೆರವಿಗೆ ಹೆಚ್ಚು ಮನಸ್ಸು ಮಾಡಿದರು ಎಂದು ಆಮೇಲೆ ಸಂಶೋಧಕರು ಬರೆದರು. ಕ್ಯಾನ್ಸರ್ ಇರುವ ಹದಿಹರೆಯದವರಿಗಾಗಿ ಮಾಡಿದ ‘ರೀ-ಮಿಷನ್’ ಗೇಮ್‌ನ ಮೇಲೆ ನಡೆದ ಪರೀಕ್ಷೆ ಇನ್ನೂ ಗಟ್ಟಿಯಾದದ್ದು. 375 ರೋಗಿಗಳ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಆ ಗೇಮ್ ಆಡಿದವರು ಮಾತ್ರೆಗಳನ್ನು ಹೆಚ್ಚು ಸರಿಯಾಗಿ ತೆಗೆದುಕೊಂಡಿದ್ದರು.

ಭಾರತದಲ್ಲಿ ಈ ಹಾದಿ ಮೊಬೈಲ್‌ನಿಂದಲೇ ಶುರು. 2005ರಲ್ಲಿ ದೆಹಲಿಯ ಝಡ್‌ಎಂಕ್ಯೂ ಸಂಸ್ಥೆ ಎಚ್‌ಐವಿ ಜಾಗೃತಿಗೆ ಕ್ರಿಕೆಟ್ ಬಳಸಿದ ಗೇಮ್ ಒಂದನ್ನು ಸಣ್ಣ ಫೋನ್‌ಗಳಿಗೆ ತಂದಿತು. 2016ರಲ್ಲಿ ಕೋಲ್ಕತ್ತದ ಕಲಾವಿದೆ ಲೀನಾ ಕೇಜ್ರಿವಾಲ್ ಅವರ ‘ಮಿಸ್ಸಿಂಗ್’ ಬಂತು. ಅದರಲ್ಲಿ ನೀವು ಮಾರಾಟವಾದ ಹುಡುಗಿ. ತಪ್ಪಿಸಿಕೊಳ್ಳುವ ಪ್ರತಿ ದಾರಿಗೂ ಬೆಲೆ ತೆರಬೇಕು.

ಇನ್ನು ಬೆಂಗಳೂರು. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್, ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಹೊರದೇಶದ ದೊಡ್ಡ ಗೇಮ್‌ಗಳಿಗೆ ಚಿತ್ರ, ವಾಹನ, ಕಟ್ಟಡ ಮಾಡಿಕೊಡುವ ಕೆಲಸದಲ್ಲಿ ನಮ್ಮ ಹುಡುಗ ಹುಡುಗಿಯರು ಪಳಗಿದ್ದಾರೆ. ಆದರೆ ನಮ್ಮ ಸುತ್ತಲಿನ ಸಮಸ್ಯೆಗಳನ್ನು ಆಟವಾಗಿಸುವ ಎರಡು ಪ್ರಯತ್ನಗಳು ಬಂದದ್ದು ಬೇರೆ ಕಡೆಯಿಂದ.

ಮೊದಲನೆಯದು ಶಾಲೆಯ ಕಥೆ. ಮೈಕ್ರೊಸಾಫ್ಟ್‌ನ ಬೆಂಗಳೂರು ಸಂಶೋಧನಾ ಕೇಂದ್ರದವರು ಹಳ್ಳಿ ಶಾಲೆಗಳಲ್ಲಿ ಒಂದು ವಿಷಯ ಗಮನಿಸಿದ್ದರು. ಒಂದು ಕಂಪ್ಯೂಟರ್ ಸುತ್ತ ಹಲವು ಮಕ್ಕಳು ಕೂತರೆ ಮೌಸ್ ಹಿಡಿದವನದೇ ದರ್ಬಾರು. ಅದಕ್ಕೆ ಒಂದೇ ಕಂಪ್ಯೂಟರ್‌ಗೆ ಹಲವು ಮೌಸ್ ಜೋಡಿಸಿದರು. ಯಾರು ಮೊದಲು ಒತ್ತುತ್ತಾರೋ ಅವರದೇ ಗೆಲುವು ಎಂದಾಗ ಹುಡುಗರು ಯೋಚಿಸದೆ ಒತ್ತುತ್ತಾ ಹೋದರು. ಎಲ್ಲರೂ ಸೇರಿ ಒಂದೇ ಉತ್ತರ ಒತ್ತಬೇಕು ಎಂದಾಗ ಮಾತಾಡಿಕೊಂಡು ಕಲಿತರು. ಪಾಠ ಅದೇ, ಮಕ್ಕಳೂ ಅಂಥವರೇ. ಬದಲಾದದ್ದು ನಿಯಮ ಮಾತ್ರ.

ಎರಡನೆಯದು ಕಸದ ಕಥೆ. 2012ರಲ್ಲಿ ಮಾವಳ್ಳಿಪುರದ ಜನ ಸಿಟಿಯ ಕಸಕ್ಕೆ ಬಾಗಿಲು ಹಾಕಿದಾಗ ಇಡೀ ಬೆಂಗಳೂರು ನಾರಿತ್ತು. ಆಮೇಲೆ ಮಂಡೂರಿನವರೂ ತಿರುಗಿಬಿದ್ದರು. ಮನೆಯಲ್ಲೇ ಕಸ ಬೇರೆ ಮಾಡಿ ಎಂದು ಹೈಕೋರ್ಟ್ ಹೇಳಬೇಕಾಯಿತು. ವಾರ್ಡ್‌ಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ಬಂದವು. ಬೆಂಗಳೂರಿನ ‘ಫೀಲ್ಡ್ಸ್ ಆಫ್ ವ್ಯೂ’ ಎಂಬ ಸಂಶೋಧನಾ ತಂಡ ಇದನ್ನೇ ‘ರಬ್ಬಿಶ್’ ಎಂಬ ಆಟ ಮಾಡಿತು. ಇದು ತೆರೆಯ ಮೇಲಿನದಲ್ಲ, ಮೇಜಿನ ಸುತ್ತ ಕೂತು ಆಡುವಂಥದ್ದು. ಆಡುವವರು ಒಣ ಕಸ ಕೇಂದ್ರ ನಡೆಸಬೇಕು. ಕಸ ವಿಂಗಡಿಸಿ ಅಂತ ಗೋಡೆ ಮೇಲೆ ಬರೆಯುವುದಕ್ಕೂ ಇದಕ್ಕೂ ತುಂಬ ವ್ಯತ್ಯಾಸವಿದೆ. ಬೇರೆ ಮಾಡಿದ ಬಾಟಲಿಗೆ ಬೆಲೆ ಸಿಗುತ್ತದೆ, ಸಾಂಬಾರು ಮೆತ್ತಿದ ಕಾಗದಕ್ಕೆ ಸಿಗುವುದಿಲ್ಲ, ಚಿಪ್ಸ್ ಪ್ಯಾಕೆಟ್‌ಗೆ ಗಿರಾಕಿಯೇ ಇಲ್ಲ. ಕೇಂದ್ರ ನಡೆಸುವವರ ಲೆಕ್ಕ ತಲೆಗೆ ಹೋದ ಮೇಲೆ ಮನೆಯ ಎರಡು ಬುಟ್ಟಿಗಳು ಬೇರೆಯಾಗಿಯೇ ಕಾಣುತ್ತವೆ, ಅಲ್ವಾ?

ಇಂಥ ಆಟಗಳು ಹೆಚ್ಚು ದಿನ ಬಾಳುವುದಿಲ್ಲ, ಅದೇ ನನ್ನ ದೊಡ್ಡ ಕೊರಗು. ಹಲವು ಗೇಮ್‌ಗಳಿಗೆ ದುಡ್ಡು ಬರುವುದು ಯೋಜನೆಯ ಲೆಕ್ಕದಲ್ಲಿ. ಯೋಜನೆ ಮುಗಿದರೆ ಅದನ್ನು ನೋಡಿಕೊಳ್ಳುವವರೂ ಇರುವುದಿಲ್ಲ. ಈ ಶತಮಾನದ ಮೊದಲ ದಶಕದ ಅನೇಕ ಸಾಮಾಜಿಕ ಗೇಮ್‌ಗಳು ಫ್ಲ್ಯಾಶ್ ತಂತ್ರಾಂಶದಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದನ್ನು ನಿಲ್ಲಿಸಿದಾಗ ಅವು ಮಾಮೂಲಿ ಬ್ರೌಸರ್‌ಗಳಲ್ಲಿ ತೆರೆಯದಂತಾದವು.

ಕರ್ನಾಟಕ 2012ರಲ್ಲೇ ಆ್ಯನಿಮೇಷನ್ ಮತ್ತು ಗೇಮಿಂಗ್‌ಗೆ ನೀತಿ ಮಾಡಿದ ರಾಜ್ಯ. 2024ರಲ್ಲಿ ಹೊಸ ನೀತಿಯೂ ಬಂದಿದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಬೆಂಗಳೂರು ಕ್ಯಾಂಪಸ್‌ನಲ್ಲಿ ಗೇಮ್ ವಿನ್ಯಾಸದ ಸ್ನಾತಕೋತ್ತರ ಕೋರ್ಸ್ ಇದೆ. ಹಣದ ಆಟಗಳನ್ನು ನಿಲ್ಲಿಸಿದ 2025ರ ಕಾನೂನೇ ಕಲಿಕೆಯ, ಮನರಂಜನೆಯ ಆಟಗಳನ್ನು ಬೆಳೆಸುವ ಮಾತನ್ನೂ ಆಡಿದೆ. ಕೈಯೂ ಇದೆ, ಕಾನೂನೂ ಇದೆ. ಕನ್ನಡದಲ್ಲಿ, ಕಡಿಮೆ ಬೆಲೆಯ ಫೋನ್‌ನಲ್ಲಿ, ನೆಟ್ ಇಲ್ಲದಿದ್ದರೂ ನಡೆಯುವ ಆಟಗಳು ಬೇಕು.

ವಿಷಯಕ್ಕೆ ಬರವಿಲ್ಲ. 2024ರ ಬೇಸಿಗೆಯಲ್ಲಿ ನಗರದ 13,900 ಬೋರ್‌ವೆಲ್‌ಗಳಲ್ಲಿ 6,900 ಕೈಕೊಟ್ಟಿವೆ ಎಂದು ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದರು. ಜಿಲ್ಲಾಡಳಿತ 6,000 ಲೀಟರ್ ಟ್ಯಾಂಕರ್‌ಗೆ, 5 ಕಿ.ಮೀ. ಒಳಗೆ, 600 ರೂಪಾಯಿ ದರ ಕಟ್ಟಿತ್ತು. ಇದನ್ನು ಆಟ ಮಾಡಿ ನೋಡಿ. ನೀವು ಇನ್ನೂ ಆಳಕ್ಕೆ ಕೊರೆಸಿದರೆ ಪಕ್ಕದ ಬೀದಿಯ ಬೋರ್ ಬತ್ತಬೇಕು. ಮಳೆ ನೀರು ಇಂಗಿಸಿದರೆ ಲಾಭ ಎಲ್ಲರಿಗೂ ಸೇರಬೇಕು, ಖರ್ಚು ಮಾತ್ರ ನಿಮ್ಮ ಲೆಕ್ಕಕ್ಕೆ ಬರಬೇಕು. ನಿಯಮ ಬರೆಯಲು ಕೂರುವಾಗ ಜಲಮಂಡಳಿಯ ವಾಲ್ವ್‌ಮನ್, ಟ್ಯಾಂಕರ್ ಡ್ರೈವರ್, ಅಪಾರ್ಟ್‌ಮೆಂಟ್‌ನ ಕಾರ್ಯದರ್ಶಿ, ಬಿಂದಿಗೆ ಹಿಡಿದು ಸಾಲಲ್ಲಿ ನಿಲ್ಲುವ ಅಕ್ಕ ನಾಲ್ವರೂ ಅದೇ ಮೇಜಿನಲ್ಲಿರಲಿ. ಯಾವ ನಿಯಮ ಸುಳ್ಳು ಎಂದು ಡಿಸೈನರ್‌ಗಿಂತ ಮೊದಲು ಅವರೇ ಹೇಳುತ್ತಾರೆ.